‘ಐ ಲವ್ ರಾಕ್ ಎನ್ ರೋಲ್’ ಗಂಡು ದನಿಯಲ್ಲಿ ಕೇಳಿದ್ದು ಯಾವುದು?

ಅಮೆರಿಕದ ರಾಕ್ ಗಾಯಕಿ ಜೋನ್ ಜೆಟ್ ಹಾಡಿ ಹೆಸರಾದ ಈ ಹಾಡನ್ನು ರೇಡಿಯೋದಲ್ಲಿ ಗಂಡು ದನಿಯಲ್ಲಿ ಕೇಳಿದಿರಾ? ಅದು ಜೆಟ್ ಹಾಡಿನ ನಕಲು ಅಂದುಕೊಳ್ಳಬೇಡಿ. ಹೆಚ್ಚಾಗಿ ಅದೇ ಮೂಲ. ಲಂಡನ್ನಿನ ಆರೋಸ್ ತಂಡ 1975ರಲ್ಲಿ ಹಾಡಿದ್ದು. ಮೊದಲು ಅದನ್ನು ರೆಕಾರ್ಡಿನ ಹಿಂಬದಿಗೆ ಹಾಕಿದ್ದರು. ಇಷ್ಟು ಒಳ್ಳೇ ಹಾಡು ಹಾಗೇ ಮರೆಯಾಗಿತ್ತು.

ಮೊದಲು ಹಾಡು ಕೇಳುವ ಆಪ್‌ನಲ್ಲಿ ಹಾಡಿನ ಹೆಸರಿನ ಜೊತೆ ‘ಆರೋಸ್’ ಅಂತ ಸೇರಿಸಿ ಹುಡುಕಿ. ಪಕ್ಕದಲ್ಲಿರುವ ಇಸವಿ ನಂಬಬೇಡಿ, ಎಷ್ಟೋ ಸಲ ಅದು ಮರುಬಿಡುಗಡೆಯದು. ಬರೆದವರ ಹೆಸರಿನಿಂದಲೂ ಗೊತ್ತಾಗಲ್ಲ. ಜೆಟ್ ಹಾಡಿದ್ದಕ್ಕೂ ಅಲನ್ ಮೆರಿಲ್, ಜೇಕ್ ಹುಕರ್ ಅಂತಲೇ ಇರುತ್ತೆ. ಆಮೇಲೆ ಶುರುವಿನ ಸಾಲು ಗಮನವಿಟ್ಟು ಕೇಳಿ. ಆರೋಸ್ ಗಾಯಕ ಮೆರಿಲ್ ದನಿಯಲ್ಲಿ ಕುಣಿಯುತ್ತಿರುವುದು ಹುಡುಗಿ, ಜೆಟ್ ದನಿಯಲ್ಲಿ ಹುಡುಗ. ‘ಹರ್’ ಹೋಗಿ ‘ಹಿಮ್’ ಬಂದಿದ್ದಕ್ಕೇ ಹಾಡಿನ ಗತ್ತು ಬದಲಾಯ್ತು, ಅಲ್ವಾ?

ಜೆಟ್ 1976ರಲ್ಲಿ ಇಂಗ್ಲೆಂಡಿಗೆ ಹೋದಾಗ ಟೀವಿಯಲ್ಲಿ ಆರೋಸ್ ಹಾಡಿದ್ದನ್ನು ನೋಡಿದ್ದರು. 1979ರಲ್ಲಿ ಒಮ್ಮೆ ರೆಕಾರ್ಡ್ ಮಾಡಿದರು, ಓಡಲಿಲ್ಲ. ತಮ್ಮ ತಂಡ ಬ್ಲ್ಯಾಕ್‌ಹಾರ್ಟ್ಸ್ ಜೊತೆ ಮತ್ತೆ ಹಾಡಿದ್ದು 1982ರಲ್ಲಿ ಅಮೆರಿಕದಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು.

ಆರೋಸ್ ಹಾಡು ಸಿಕ್ಕಿದ ಮೇಲೂ ದನಿ ಹೊಂದದಿದ್ದರೆ, ನೀವು ಕೇಳಿದ್ದು ಬೇರೆ ಯಾರೋ ಗಂಡಸು ಹಾಡಿದ್ದಿರಬೇಕು. ಆಗ ರೇಡಿಯೋದವರ ಆ ದಿನದ ಹಾಡುಗಳ ಪಟ್ಟಿ ನೋಡಿ.