ಸಿಸ್ಟಮ್ ರಿಜೆಕ್ಟ್ ಮಾಡಿದೆ ಅಂದರೆ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಅಮ್ಮನ ಪಿಂಚಣಿ ಅರ್ಜಿ ತಿರಸ್ಕಾರವಾಗಿದೆ. ಕಾರಣ ಕೇಳಿದರೆ ಕೌಂಟರಿನಲ್ಲಿದ್ದವರು "ನಾವೇನೂ ಮಾಡಿಲ್ಲ, ಸಿಸ್ಟಮ್ ರಿಜೆಕ್ಟ್ ಮಾಡಿದೆ" ಅಂದರು. ಹಾಗಾದರೆ ತೀರ್ಮಾನ ಮಾಡಿದ್ದು ಯಾರು?

ಉತ್ತರ: ಕೌಂಟರಿನವರ ಮಾತನ್ನು ಅಲ್ಲಿಗೇ ಬಿಡಬೇಡಿ. ಕಾನೂನು ಸಾಮಾನ್ಯವಾಗಿ ಅಧಿಕಾರ ಕೊಡುವುದು ಒಬ್ಬ ಅಧಿಕಾರಿಗೆ. ಅವರು ಕಾಗದ ನೋಡಬೇಕು, ನಿಮ್ಮ ಮಾತು ಕೇಳಬೇಕು, ಯೋಚಿಸಬೇಕು, ಕಾರಣ ಬರೆದು ಆದೇಶ ಕೊಡಬೇಕು. ವಯಸ್ಸಿನ ಲೆಕ್ಕ, ದಾಖಲೆ ಇದೆಯೋ ಇಲ್ಲವೋ ಅನ್ನುವುದನ್ನು ಯಂತ್ರ ನೋಡಿದರೆ ತಪ್ಪೇನಿಲ್ಲ. ಆದರೆ ಇವರು ತಡವಾಗಿ ಅರ್ಜಿ ಕೊಟ್ಟದ್ದಕ್ಕೆ ಹೇಳಿದ ಕಾರಣ ಒಪ್ಪುವಂಥದ್ದಾ, ಇವರ ಕಷ್ಟ ನಿಜವಾ ಅಂತ ತೂಗಿ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾದರೆ ಅದಕ್ಕೆ ಕಾನೂನಿನಲ್ಲೇ ಜಾಗ ಇರಬೇಕು. ಆಫೀಸಿನ ಅನುಕೂಲಕ್ಕೆ ಅಂತ ಸುಮ್ನೆ ಒಪ್ಪಿಸುವ ಹಾಗಿಲ್ಲ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಒಂದು ತೀರ್ಪು ಬಂತು. ತೆರಿಗೆ ಬಾಕಿ ಇದ್ದ ಒಬ್ಬರಿಗೆ, ಇಂತಿಷ್ಟು ಹಣವನ್ನು ಇಷ್ಟರೊಳಗೆ ಒಟ್ಟಿಗೆ ಕಟ್ಟಿ ಅಂತ ಇಲಾಖೆಯಿಂದ ಪತ್ರ ಬಂದಿತ್ತು. ಅಷ್ಟು ಕಟ್ಟಿದರೆ ಉಳಿದ ಬಡ್ಡಿ ಬಿಡುತ್ತಾರೆ ಅಂದುಕೊಂಡು ಅವರು ಕಟ್ಟಿದರು. ಆಮೇಲೆ ಇಲಾಖೆ, ಆ ಪತ್ರ ಕಂಪ್ಯೂಟರಿನಿಂದ ತಯಾರಾದದ್ದು, ಬಡ್ಡಿ ಬಿಡುವ ತೀರ್ಮಾನ ನಾವು ಮಾಡೇ ಇಲ್ಲ, ಬಡ್ಡಿ ಕಟ್ಟಿ ಅಂದಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಇಲಾಖೆಯ ಮಾತನ್ನೇ ಒಪ್ಪಿದರು. ಒಬ್ಬ ಮನುಷ್ಯ ಯೋಚಿಸಿ ಒಂದು ನಿಲುವಿಗೆ ಬಂದಿದ್ದರೆ ಮಾತ್ರ ಅದು ತೀರ್ಮಾನ, ಇಲ್ಲಿ ಹಾಗಾಗಿಲ್ಲ ಅಂದರು. ಮೂರನೆಯವರು ಒಪ್ಪಲಿಲ್ಲ. ಸರ್ಕಾರದ ಕೆಲಸ ಯಂತ್ರಕ್ಕೆ ಹೋಗುತ್ತಿರುವಾಗ ತೀರ್ಮಾನ ಅನ್ನುವ ಪದದ ಅರ್ಥವೂ ಬದಲಾಗಬೇಕು ಅನ್ನುವುದು ಅವರ ವಾದ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ಪತ್ರ ನಂಬಿ ಹಣ ಕಟ್ಟಿದವರು, ಅದರ ಹಿಂದೆ ಯಾರಾದರೂ ಯೋಚಿಸಿದ್ದರಾ ಇಲ್ಲವಾ ಅಂತ ಹೇಗೆ ತಿಳಿಯಬೇಕು?

ಪ್ರಶ್ನೆ: ನಿಮಗೆ ಹೆಚ್ಚಿಗೆ ಸಹಾಯಧನ ಬಂದಿದೆ, ವಾಪಸ್ ಕಟ್ಟಿ ಅಂತ ನೋಟಿಸ್ ಬಂದಿದೆ. ತಪ್ಪಿಲ್ಲ ಅಂತ ನಾನೇ ಸಾಬೀತು ಮಾಡಬೇಕಂತೆ, ಆರು ವರ್ಷದ ಹಿಂದಿನ ಸಂಬಳದ ಚೀಟಿ ಎಲ್ಲಿಂದ ತರಲಿ?

ಉತ್ತರ: ನಿಮ್ಮ ಪತ್ರ ಓದಿ ಸಂಕಟವಾಯಿತು, ಏಕೆಂದರೆ ಇದೇ ಕಥೆ ಲಕ್ಷಾಂತರ ಜನರಿಗೆ ಆಗಿದೆ. ಆಸ್ಟ್ರೇಲಿಯಾದಲ್ಲೇ ರೋಬೋಡೆಟ್ ಅಂತ ಜನ ಕರೆದ ಒಂದು ವ್ಯವಸ್ಥೆ ಇತ್ತು. ಅದರಲ್ಲಿ ಎಐ ಕೂಡ ಇರಲಿಲ್ಲ, ಇದ್ದದ್ದು ಬರೀ ಭಾಗಾಕಾರ. ತೆರಿಗೆ ಇಲಾಖೆಯಲ್ಲಿದ್ದ ಇಡೀ ವರ್ಷದ ಆದಾಯವನ್ನು 26 ಪಾಲು ಮಾಡಿ, ಪ್ರತಿ ಹದಿನೈದು ದಿನಕ್ಕೂ ಅಷ್ಟೇ ದುಡಿದಿದ್ದೀರಿ ಅಂತ ಲೆಕ್ಕ ಹಾಕುತ್ತಿದ್ದರು. ಆರು ತಿಂಗಳು ಕೆಲಸ ಮಾಡಿ 26,000 ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ಸಹಾಯಧನ ಪಡೆದವರನ್ನು ನೋಡಿ. ಯಂತ್ರದ ಪ್ರಕಾರ ಅವರು ವರ್ಷವಿಡೀ ಹದಿನೈದು ದಿನಕ್ಕೆ 1,000 ದುಡಿದಿದ್ದಾರೆ. ಅಂದರೆ ಸಹಾಯಧನ ಪಡೆಯುವಾಗ ಆದಾಯ ಮುಚ್ಚಿಟ್ಟರು, ಸಾಲಗಾರರಾದರು! ಅಲ್ಲ ಅಂತ ತೋರಿಸುವ ಹೊರೆ ಅವರ ಮೇಲೆಯೇ.

ನಿಜವಾಗಿ ಸಾಲ ಇದೆ ಅಂತ ಮೊದಲು ತೋರಿಸಬೇಕಾದದ್ದು ಸರ್ಕಾರ. ಹಣ ಕೇಳುವವರೇ ಸಾಬೀತು ಮಾಡಬೇಕು ಅನ್ನುವ ಹಳೆಯ ನಿಯಮವನ್ನು ಒಂದು ಸಾಫ್ಟ್‌ವೇರ್ ಸದ್ದಿಲ್ಲದೆ ತಲೆಕೆಳಗು ಮಾಡಿತು, ಯಾವ ಸಂಸತ್ತೂ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. 2019ರ ನವೆಂಬರಿನಲ್ಲಿ ಒಬ್ಬ ಮಹಿಳೆಯ ಪ್ರಕರಣದಲ್ಲಿ ಇಂಥ ಬೇಡಿಕೆಗೆ ಕಾನೂನಿನ ಆಧಾರವಿಲ್ಲ ಅಂತ ಸರ್ಕಾರವೇ ಕೋರ್ಟಿನಲ್ಲಿ ಒಪ್ಪಬೇಕಾಯಿತು. ಮರುವರ್ಷ ಸುಮಾರು 4.7 ಲಕ್ಷ ಸಾಲಗಳ ಹಣ ವಾಪಸ್ ಕೊಡುವುದಾಗಿ ಘೋಷಿಸಿತು. 2023ರಲ್ಲಿ ತನಿಖಾ ಆಯೋಗದ ವರದಿ ಬರುವ ಹೊತ್ತಿಗೆ ಎಷ್ಟೋ ಮನೆಗಳು ನೊಂದು ಹೋಗಿದ್ದವು. ಅಮೆರಿಕದ ಮಿಷಿಗನ್‌ನಲ್ಲೂ ನಿರುದ್ಯೋಗ ಭತ್ಯೆಯಲ್ಲಿ ವಂಚನೆ ಹುಡುಕಲು ಹಾಕಿದ್ದ ಯಂತ್ರ ಹೀಗೇ ಮಾಡಿತ್ತು. ಅದೊಂದೇ ತೀರ್ಮಾನಿಸಿದ್ದ 22,000ಕ್ಕೂ ಜಾಸ್ತಿ ಪ್ರಕರಣಗಳನ್ನು ಮತ್ತೆ ನೋಡಿದಾಗ ನೂರಕ್ಕೆ 93 ತಪ್ಪಾಗಿದ್ದವು.

ಹಾಗಾಗಿ ಹಳೆಯ ಚೀಟಿ ಹುಡುಕುವ ಮೊದಲು, ಈ ಲೆಕ್ಕ ಹೇಗೆ ಬಂತು, ಯಾವ ತಿಂಗಳಿಗೆ ಎಷ್ಟು ಅಂತ ಬರಹದಲ್ಲಿ ಕೇಳಿ. ನೋಟಿಸಿಗೆ ಹೆದರಿ ಮೊದಲ ಕಂತು ಕಟ್ಟಿಬಿಡಬೇಡಿ. ಅದನ್ನೇ ನೀವು ಸಾಲ ಒಪ್ಪಿಕೊಂಡ ಹಾಗೆ ಅಂತ ಮುಂದೆ ವಾದಿಸಬಹುದು.

ಪ್ರಶ್ನೆ: ಯಂತ್ರ ಅಂಕ ಕೊಟ್ಟರೂ ಕೊನೆಗೆ ಅಧಿಕಾರಿ ಸಹಿ ಹಾಕುತ್ತಾರಲ್ಲ, ಅಷ್ಟು ಸಾಕಲ್ವಾ?

ಉತ್ತರ: ಅವರು ಬೇರೆ ತೀರ್ಮಾನ ಮಾಡಲು ನಿಜವಾಗಿ ಸ್ವತಂತ್ರರಾಗಿದ್ದರೆ ಸಾಕು. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್‌ನ 22ನೇ ವಿಧಿ, ಬರೀ ಯಂತ್ರ ಮಾಡಿದ, ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನಗಳಿಂದ ಕೆಲವು ವಿನಾಯಿತಿ ಬಿಟ್ಟು ಜನರಿಗೆ ರಕ್ಷಣೆ ಕೊಡುತ್ತದೆ. 2023ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ಸಾಲದ ಅರ್ಹತೆಯ ಅಂಕದ ಪ್ರಕರಣವೊಂದರಲ್ಲಿ, ಸಾಲ ಕೊಡುವವರು ಆ ಅಂಕವನ್ನೇ ನೆಚ್ಚಿಕೊಂಡು ನಡೆದರೆ ಅಂಕ ಕೊಡುವುದೇ ತೀರ್ಮಾನ ಅಂದಿತು. ಸಹಿ ಹಾಕುವ ಕೈ ಇದೆ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು.

ಪ್ರಶ್ನೆ: ಅಲ್ಗಾರಿದಮ್ ಗುಟ್ಟು, ಹೇಳಲಾಗುವುದಿಲ್ಲ ಅಂದರೆ?

ಉತ್ತರ: ವಂಚನೆ ಹುಡುಕಲು ಹಾಕಿದ್ದ ತನ್ನ ವ್ಯವಸ್ಥೆಯ ಬಗ್ಗೆ ನೆದರ್‌ಲೆಂಡ್ಸ್ ಸರ್ಕಾರ ಹಾಗೇ ಅಂದಿತ್ತು, ವಂಚಕರು ಎಚ್ಚೆತ್ತುಕೊಳ್ಳುತ್ತಾರೆ ಅನ್ನುವ ಕಾರಣ ಕೊಟ್ಟು. 2020ರ ಫೆಬ್ರವರಿಯಲ್ಲಿ ಹೇಗ್ ನಗರದ ಕೋರ್ಟು, ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಪರೀಕ್ಷಿಸಲಾಗದ ವ್ಯವಸ್ಥೆ ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಅಂತ ಅದನ್ನು ನಿಲ್ಲಿಸಿತು. ನೀವು ಕೋಡ್ ಕೇಳಬೇಕಾಗಿಲ್ಲ. ನನ್ನ ಯಾವ ಮಾಹಿತಿ ಬಳಸಿದಿರಿ, ಯಾವ ನಿಯಮದ ಯಾವ ಷರತ್ತಿಗೆ ನಾನು ಹೊಂದಲಿಲ್ಲ, ಹೊಣೆ ಹೊತ್ತ ಅಧಿಕಾರಿ ಯಾರು ಅಂತ ಕೇಳಿ. ಉತ್ತರ ಬರಲಿ ಅಂತ ಕಾಯುತ್ತಾ ಕೂರಬೇಡಿ, ಮೇಲ್ಮನವಿಯ ಗಡುವು ಆದೇಶ ಕೈಸೇರಿದ ದಿನದಿಂದಲೇ ಓಡುತ್ತಿರಬಹುದು.