ಅಟ್ಟದಿಂದ ಇಳಿದ ಉಳಿಗಳು: ತುಕ್ಕು, ಹದ ಮತ್ತು ಹೊಸ ಹಿಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆ ಉಳಿಗಳ ಬಗ್ಗೆಯೇ ಇವೆ. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವವರು ಹೆಚ್ಚಿದ ಹಾಗೆ ಅಟ್ಟದ ಪೆಟ್ಟಿಗೆಗಳೂ ಕೆಳಗೆ ಬರುತ್ತಿವೆ ಅಂತ ಕಾಣುತ್ತದೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಜ್ಜನ ಕಾಲದಲ್ಲಿ ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದ ಆಚಾರಿಯೊಬ್ಬರು ಬಿಟ್ಟುಹೋದ ಐದಾರು ಉಳಿಗಳು ಸಿಕ್ಕಿವೆ. ಹಿಡಿಗಳನ್ನು ಗೆದ್ದಲು ತಿಂದಿದೆ. ಕಬ್ಬಿಣದ ಮೇಲೆ ದಪ್ಪ ತುಕ್ಕು. ಎರಡರ ಮೇಲೆ ಇಂಗ್ಲಿಷಿನಲ್ಲಿ 'ಕಾಸ್ಟ್ ಸ್ಟೀಲ್' ಅಂತಿದೆ, ಒಂದರಲ್ಲಿ ಮೂರೆಲೆಯ ಗುರುತು ಮತ್ತು 'ಮಾರ್ಪಲ್ಸ್' ಅಂತ ಹೆಸರು. ಪೇಟೆಯ ವೆಲ್ಡಿಂಗ್ ಅಂಗಡಿಯವರು ಗ್ರೈಂಡರ್ ಹಿಡಿದರೆ ಐದು ನಿಮಿಷದ ಕೆಲಸ ಅನ್ನುತ್ತಾರೆ. ಕೊಡಬಹುದಾ? (ಬದಿಯಡ್ಕದ ಓದುಗರು)

ಬೇಡ. ಐದು ನಿಮಿಷದಲ್ಲಿ ತುಕ್ಕು ಹೋಗುವುದು ನಿಜ, ಉಳಿಯೂ ಹೋಗುತ್ತದೆ. ಉಳಿಯ ಬಾಯಿ, ಅಂದರೆ ಕತ್ತರಿಸುವ ತುದಿ, ತೆಳು. ಚಕ್ರ ತಾಗಿದ ಕೆಲವೇ ಸೆಕೆಂಡಿನಲ್ಲಿ ಅಲ್ಲಿ ಬಿಸಿ ಏರುತ್ತದೆ. ಗಡಸು ಮಾಡಿದ ಉಕ್ಕಿಗೆ ಹದ ಕೊಡಲು ಮತ್ತೆ ಮೆಲ್ಲಗೆ ಕಾಸುವಾಗ, ಅದರ ಮೇಲೆ ಒಣಹುಲ್ಲಿನ ಬಣ್ಣ ಕಂಡ ಕೂಡಲೇ ಕಮ್ಮಾರ ನಿಲ್ಲಿಸಿರುತ್ತಾನೆ. ಅದು ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್. 300ರ ಹತ್ತಿರ ಹೋದರೆ ಉಕ್ಕು ನೀಲಿಯಾಗುತ್ತದೆ. ನೀಲಿ ಕಂಡಷ್ಟು ಜಾಗದ ಗಡಸು ಹೋಯಿತು ಅಂತಲೇ ಲೆಕ್ಕ. ಸಾಲದ್ದಕ್ಕೆ ಗ್ರೈಂಡರ್ ಉಳಿಯ ಬೆನ್ನನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮೈಯನ್ನು, ಅಲ್ಲಲ್ಲಿ ಕೆತ್ತಿಬಿಡುತ್ತದೆ. ಅದನ್ನು ಸರಿಮಾಡುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಾಲು ಕಷ್ಟ.

'ಕಾಸ್ಟ್ ಸ್ಟೀಲ್' ಅಂತ ಇರುವುದನ್ನು ಎರಕದ ಕಬ್ಬಿಣ ಅಂದುಕೊಂಡು ಗುಜರಿಗೆ ಹಾಕಿದವರಿದ್ದಾರೆ. ಅದು ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶುರುಮಾಡಿದ ಕ್ರಮ. ಮೂರೆಲೆಯ ಮಾರ್ಪಲ್ಸ್ ಕೂಡ ಶೆಫೀಲ್ಡಿನದೇ, 1828ರಲ್ಲಿ ಶುರುವಾದ ಕಂಪೆನಿ. ಆಗ ಈ ಉಕ್ಕು ದುಬಾರಿ. ಹಾಗಾಗಿ ಎಷ್ಟೋ ಹಳೆ ಉಳಿಗಳಲ್ಲಿ ಮೈಯೆಲ್ಲ ಮೆದು ಕಬ್ಬಿಣ, ಬಾಯಿಯ ಕಡೆ ಬೆನ್ನಿಗೆ ಮಾತ್ರ ಒಂದು ಪದರ ಉಕ್ಕನ್ನು ಕುಲುಮೆಯಲ್ಲಿ ಬೆಸೆದಿರುತ್ತಾರೆ. ನಿಮ್ಮದು ಹಾಗಿದೆಯಾ ಅಂತ ನೋಡುವುದು ಸುಲಭ. ಬಾಯಿಯ ಇಳಿಜಾರನ್ನು ಸ್ವಲ್ಪ ಮಸೆದು, ವಿನೆಗರ್ ಸವರಿ ನಾಲ್ಕು ನಿಮಿಷ ಬಿಡಿ. ಉಕ್ಕಿನ ಪದರ ಕಪ್ಪಾಗುತ್ತದೆ, ಕಬ್ಬಿಣ ಬೆಳ್ಳಗೆ ಉಳಿಯುತ್ತದೆ, ನಡುವೆ ಗೆರೆ ಕಾಣುತ್ತದೆ. ಆ ಕಪ್ಪು ಪದರ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೇ ಉಳಿಯ ಆಯುಸ್ಸು.

ಈಗ ತುಕ್ಕು. ಮೊದಲು ಸೀಮೆಎಣ್ಣೆಯೋ ಡೀಸೆಲೋ ಸವರಿ, ಹಳೆ ಬ್ಲೇಡಿನಿಂದ ದಪ್ಪ ಹೆಕ್ಕಳೆಯನ್ನು ಎಬ್ಬಿಸಿ. ಎಣ್ಣೆಯ ಪಸೆ ಹೋಗುವ ಹಾಗೆ ಸೋಪು ಹಾಕಿ ತೊಳೆಯಿರಿ. ಆಮೇಲೆ ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿ. ಬೆಳಿಗ್ಗೆ ತೆಗೆದು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಕಪ್ಪು ನೀರು ಇಳಿದು ಬೂದು ಬಣ್ಣದ ಲೋಹ ಕಾಣುತ್ತದೆ. ಕೂಡಲೇ ಅಡಿಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು, ಒರೆಸಿ, ಬಿಸಿಲಲ್ಲಿಟ್ಟು ಎಣ್ಣೆ ಹಚ್ಚಿ. ತಡಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಬರುತ್ತದೆ. ಹುಣಸೆಹುಳಿಯ ನೀರಿನಲ್ಲೂ ಆಗುತ್ತದೆ, ನಿಧಾನ ಅಷ್ಟೆ. ಎರಡು ಮೂರು ದಿನ ಮರೆತು ಬಿಡಬೇಡಿ, ಹುಳಿ ಒಳ್ಳೆ ಉಕ್ಕನ್ನೂ ತಿನ್ನುತ್ತದೆ. ಬಾತ್‌ರೂಮು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಅದರ ಹೊಗೆಗೆ ಕೋಣೆಯಲ್ಲಿರುವ ಬೇರೆ ಹತ್ಯಾರುಗಳಿಗೂ ತುಕ್ಕು ಹಿಡಿಯುತ್ತದೆ.

ಇಲ್ಲಿಗೆ ನಿಲ್ಲಿಸಿ ಪಾಲಿಶ್ ಮಾಡಿ ಗೋಡೆಗೆ ತೂಗುಹಾಕುವವರೇ ಜಾಸ್ತಿ. ಕೆಲಸಕ್ಕೆ ಬೇಕಾದರೆ ಹೊಳಪು ಬೇಕಾಗಿಲ್ಲ, ಬೆನ್ನು ಸಮ ಇರಬೇಕು. ಉಳಿಯ ಹರಿತ ಅಂದರೆ ಎರಡು ಮೈಗಳು ಕೂಡುವ ಗೆರೆ. ಬೆನ್ನಿನಲ್ಲಿ ತುಕ್ಕು ತಿಂದ ಗುಳಿ ಇದ್ದರೆ ಆ ಗೆರೆಯೂ ಅಲ್ಲಿ ತುಂಡಾಗುತ್ತದೆ. ಇಳಿಜಾರನ್ನು ಎಷ್ಟು ಮಸೆದರೂ ಮರದ ಮೇಲೆ ಅದೇ ಜಾಗದಲ್ಲಿ ಗೀರು ಬೀಳುತ್ತದೆ.

ದಪ್ಪ ಗಾಜಿನ ತುಂಡೊಂದು ತನ್ನಿ. ಕಿಟಕಿಯ ತೆಳು ಗಾಜು ಬೇಡ, ಬಾಗುತ್ತದೆ. ಅದರ ಮೇಲೆ ನೀರು ಹಾಕಿ 120 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಅಂಟಿಸಿ. ಉಳಿಯ ಬೆನ್ನಿಗೆ ಮಾರ್ಕರ್ ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಬಾಯಿಯಿಂದ ಎರಡಿಂಚು ಭಾಗವನ್ನು ಕಾಗದದ ಮೇಲೆ ಚಪ್ಪಟೆ ಒತ್ತಿ ಹಿಂದೆಮುಂದೆ ಉಜ್ಜಿ. ಹತ್ತು ಸಲ ಉಜ್ಜಿ ತಿರುಗಿಸಿ ನೋಡಿ. ಗೆರೆ ಅಳಿಸಿದ್ದು ಉಬ್ಬು, ಉಳಿದದ್ದು ತಗ್ಗು. ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಅಳಿಸಿ ನಡುವೆ ಉಳಿದಿರುತ್ತದೆ. ಬಾಯಿಯ ಪಕ್ಕದ ಅರ್ಧ ಇಂಚಿನಲ್ಲಿ ಒಂದು ಚೂರೂ ಗೆರೆ ಇಲ್ಲದಷ್ಟು ಆದರೆ ಸಾಕು. ಆಮೇಲೆ 220, 400, 800, 1200 ಅಂತ ಮೇಲೆ ಹೋಗಿ. ಹಿಡಿಯ ಕಡೆಯನ್ನು ಎತ್ತಬೇಡಿ. ಕೂದಲೆಳೆಯಷ್ಟು ಎತ್ತಿದರೂ ಬಾಯಿ ದುಂಡಾಗಿ, ಮೊದಲಿಂದ ಶುರುಮಾಡಬೇಕಾಗುತ್ತದೆ. ಗುಳಿ ತುಂಬ ಆಳ ಇದ್ದರೆ ಹಠ ಬೇಡ. ಆ ಉಳಿಯನ್ನು ಒರಟು ಕೆಲಸಕ್ಕೆ ಇಟ್ಟುಕೊಳ್ಳಿ.

ಇಳಿಜಾರಿನ ಕೋನಕ್ಕೆ ಉಪಕರಣ ಬೇಕಾಗಿಲ್ಲ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡು ಪಟ್ಟು ಇದ್ದರೆ 30 ಡಿಗ್ರಿ. ದಪ್ಪ 6 ಮಿಲಿಮೀಟರ್ ಆದರೆ ಇಳಿಜಾರು 12. ಅದನ್ನೇ 14 ಮಾಡಿದರೆ ಸುಮಾರು 25 ಡಿಗ್ರಿ. ಕೈಯಲ್ಲಿ ಒತ್ತಿ ಹೆರೆಯುವ ಉಳಿಗೆ 25 ಚೆನ್ನ, ಕೊಡತಿಯಲ್ಲಿ (ಮರದ ಸುತ್ತಿಗೆ) ಹೊಡೆಯುವುದಕ್ಕೆ 30ಕ್ಕಿಂತ ಕಡಿಮೆ ಬೇಡ. ಬೆನ್ನಿನ ಮೇಲೆ ಬೆರಳನ್ನು ಬಾಯಿಯ ಕಡೆಗೆ ಜಾರಿಸಿದಾಗ ಅಂಚು ಉದ್ದಕ್ಕೂ ಸಣ್ಣಗೆ ತಡೆದರೆ ಇಳಿಜಾರನ್ನು ಮಸೆದದ್ದು ಸಾಕು ಅಂತ ಅರ್ಥ. ಬೆನ್ನನ್ನು ನುಣುಪು ಕಲ್ಲಿನ ಮೇಲೆ ಚಪ್ಪಟೆಯಾಗಿ ಎರಡು ಸಲ ಎಳೆದು ಆ ತಡೆಯನ್ನು ತೆಗೆಯಿರಿ. ತೋಳಿನ ಕೂದಲು ಬೋಳಿಸಿ ನೋಡುವುದು ಸುಮ್ನೆ ಗಮ್ಮತ್ತಿಗೆ. ಮೆದು ಮರದ ತುಂಡಿನ ತುದಿಯನ್ನು, ಅಂದರೆ ಎಳೆಗಳು ಕಡಿದು ನಿಂತ ಮೈಯನ್ನು, ಹೆರೆದು ನೋಡಿ. ಪುಡಿಯಾಗದೆ ಹಾಳೆಯಾಗಿ ಬಂದರೆ ಉಳಿ ತಯಾರು.

ಮಾರುವ ಯೋಚನೆ ಇದ್ದರೆ ತುಕ್ಕು ತೆಗೆದು ಎಣ್ಣೆ ಹಚ್ಚಿ, ಅಷ್ಟೇ ಸಾಕು. ಅಚ್ಚಿನ ಹೆಸರು ಮಾಸಿದ, ಮಿರಮಿರ ಮಿಂಚುವ ಉಳಿಯನ್ನು ಸಂಗ್ರಹ ಮಾಡುವವರು ಮುಟ್ಟುವುದಿಲ್ಲ.

ಪ್ರಶ್ನೆ: ನಾನು ಮನೆಯಲ್ಲೇ ಸಣ್ಣಪುಟ್ಟ ಮರಗೆಲಸ ಕಲಿಯುತ್ತಿದ್ದೇನೆ. ಅಪ್ಪನ ಉಳಿಗಳಿಗೆ ಹೊಸ ಹಿಡಿ ಹಾಕಬೇಕು. ತೋಟದಲ್ಲಿ ಬಿದ್ದ ಹಲಸು, ಪೇರಳೆ, ತೆಂಗು ಇವೆ, ಗುಡ್ಡೆಯಲ್ಲಿ ಅಕೇಶಿಯಾ ಇದೆ. ಯಾವುದು ಒಳ್ಳೆಯದು? ನನ್ನ ಹತ್ತಿರ ಲೇತ್ ಇಲ್ಲ. (ಪೆರ್ಲದ ಓದುಗರು)

ಲೇತ್ ಇಲ್ಲದ್ದೇ ಒಳ್ಳೆಯದಾಯಿತು. ದುಂಡು ಹಿಡಿ ಮೇಜಿನಿಂದ ಉರುಳಿ ಬೀಳುತ್ತದೆ, ಬೀಳುವುದೂ ಬಾಯಿ ಕೆಳಗಾಗಿಯೇ. ಎಂಟು ಮೂಲೆಯ ಹಿಡಿ ಇಟ್ಟಲ್ಲಿ ಇರುತ್ತದೆ. ಬಾಯಿ ಯಾವ ಕಡೆಗಿದೆ ಅಂತ ನೋಡದೆಯೂ ಕೈಗೆ ತಿಳಿಯುತ್ತದೆ.

ನಿಮ್ಮ ಪಟ್ಟಿಯಲ್ಲಿ ನನ್ನ ಮತ ಪೇರಳೆಗೆ. ಗಟ್ಟಿ, ಎಳೆ ಒತ್ತಾಗಿರುತ್ತದೆ, ಪೆಟ್ಟಿಗೆ ಸುಲಭದಲ್ಲಿ ಸೀಳುವುದಿಲ್ಲ. ದೊಡ್ಡ ತುಂಡು ಸಿಗುವುದಿಲ್ಲ, ಹಿಡಿಗೆ ದೊಡ್ಡದು ಬೇಕಾಗಿಯೂ ಇಲ್ಲ. ಹುಣಸೆಯ ಚೇಗು (ಒಳಗಿನ ಗಟ್ಟಿ ಮರ) ಸಿಕ್ಕಿದರೆ ಅದೂ ಹಾಗೆಯೇ, ಕೊಡತಿಗೂ ಆಗುತ್ತದೆ. ಹಲಸು ನೋಡಲು ಚೆಂದ, ಹಗುರ. ಕೈಯಲ್ಲಿ ಒತ್ತುವ ಉಳಿಗೆ ಸರಿ, ಪೆಟ್ಟು ತಿನ್ನುವ ಉಳಿಗೆ ಬೇಡ. ಅಕೇಶಿಯಾ ಚೆನ್ನಾಗಿ ಒಣಗಿದರೆ ಗಟ್ಟಿ ಹಿಡಿಯಾಗುತ್ತದೆ, ಆದರೆ ಎಳೆ ತಿರುಚಿಕೊಂಡ ತುಂಡನ್ನು ಬಿಟ್ಟುಬಿಡಿ. ಹಳೆ ತೆಂಗಿನ ಹೊರಭಾಗ ಮಾಡಿನ ಪಕ್ಕಾಸಿಗೆ ಎಷ್ಟೇ ಗಟ್ಟಿಯಾದರೂ ಉಳಿಯ ಹಿಡಿಗಲ್ಲ. ನಾಲ್ಕು ಪೆಟ್ಟು ಬಿದ್ದರೆ ತಲೆ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಸಿಬಿರು ಕೈಗೆ ಹೊಗುತ್ತದೆ. ಮನೆಯಲ್ಲಿ ಮುರಿದ ಬೀಟೆ ಕುರ್ಚಿಯ ಕಾಲಿದ್ದರೆ ಅದಕ್ಕಿಂತ ಒಣಗಿದ ಮರ ಎಲ್ಲೂ ಸಿಗಲಿಕ್ಕಿಲ್ಲ.

ಮರವನ್ನು ಗರಗಸದಲ್ಲಿ ಸೀಳುವ ಬದಲು ಕತ್ತಿ ಇಟ್ಟು ಕೊಡತಿಯಲ್ಲಿ ಹೊಡೆದು ಸೀಳಿ. ಸೀಳು ಎಳೆಯ ದಾರಿಯಲ್ಲೇ ಹೋಗುತ್ತದೆ. ಹಾಗೆ ಬಂದ ತುಂಡಿನಲ್ಲಿ ಎಳೆ ತುದಿಯಿಂದ ತುದಿಗೆ ನೇರ ಇರುತ್ತದೆ. ಮರದ ನಡುವಿನ ತಿರುಳು ಹಿಡಿಯೊಳಗೆ ಬರಬಾರದು, ಒಣಗುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ಸೀಳಿದ ತುಂಡುಗಳ ಎರಡೂ ತುದಿಗೆ ಮೇಣವೋ ಹಳೆ ಪೈಂಟೋ ಬಳಿದು ಗಾಳಿಯಾಡುವ ಕಡೆ ಇಡಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ರೂಢಿಯ ಲೆಕ್ಕ. ಸೌದೆ ಒಲೆ ಇನ್ನೂ ಇದ್ದರೆ ಅದರ ಮೇಲಿನ ಅಟ್ಟದಲ್ಲಿ ಇದಕ್ಕಿಂತ ಬೇಗ ಆಗುತ್ತದೆ. ಅವಸರ ಮಾಡಿ ಹಸಿ ಮರದಲ್ಲಿ ಹಿಡಿ ಹಾಕಿದರೆ ಮಾರ್ಚ್ ತಿಂಗಳಲ್ಲಿ ಸಡಿಲಾಗಿ ಕಳಚಿ ಕೈಗೆ ಬರುತ್ತದೆ.

ಒಂದು ಮುಖ್ಯ ವಿಷಯ: ಮೊದಲು ತೂತು, ಆಮೇಲೆ ಆಕಾರ. ಚೆಂದದ ಹಿಡಿ ಮಾಡಿ ಕೊನೆಗೆ ತೂತು ಕೊರೆದರೆ ಅದು ಒಂದು ಕಡೆ ವಾಲುವುದೇ ಜಾಸ್ತಿ. ಒಂದೂವರೆ ಇಂಚಿನ ಚೌಕ ತುಂಡಿನಲ್ಲಿ ತೂತು ಕೊರೆದು, ಉಳಿಯ ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ಸಪೂರ ಭಾಗವನ್ನು, ಕೈಯಲ್ಲೇ ತೂರಿಸಿ, ಉಳಿಯ ನೇರಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯ ಸುತ್ತ ಹಿಡಿಯನ್ನು ಕೆತ್ತಿ. ತೂತು ಸ್ವಲ್ಪ ವಾಲಿದ್ದರೂ ಹಿಡಿ ನೇರ ಬರುತ್ತದೆ.

ಬಾಲ ಮೇಲೆ ದಪ್ಪ, ತುದಿಗೆ ಸಪೂರ ಇರುತ್ತದೆ ಅಲ್ವಾ. ತೂತೂ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಇರಲಿ. ಬಾಲದ ಬುಡ 10 ಮಿಲಿಮೀಟರ್, ತುದಿ 5 ಅಂತಿಟ್ಟುಕೊಳ್ಳಿ. ಪೂರ್ತಿ ಆಳಕ್ಕೆ 5ರ ಬಿಟ್, ಮೂರರಲ್ಲಿ ಎರಡು ಪಾಲಿಗೆ 7, ಮೇಲಿನ ಒಂದು ಪಾಲಿಗೆ 9. ಬಾಲವನ್ನು ಕೆಂಪಗೆ ಕಾಸಿ ಮರಕ್ಕೆ ಇಳಿಸುವ ಹಳೆ ಕ್ರಮವೂ ಇದೆ. ಕೈ ಪಳಗಿದವರಿಗೆ ಅದು ಸರಿ. ನಿಮಗೆ ಬೇಡ. ಬಿಸಿ ಉಳಿಯ ಮೈಗೆ ಏರಬಹುದು, ಸುಟ್ಟ ಮರ ಆಮೇಲೆ ಪುಡಿಯಾಗಿ ಹಿಡಿ ಅಲುಗಾಡಬಹುದು.

ಬಾಲ ಹೊಗುವ ಕಡೆ ಲೋಹದ ಬಳೆ ಬೇಕೇ ಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಪೈಪ್ ಅಂಗಡಿಯ ಹಿತ್ತಾಳೆ ಪೈಪು ಅಥವಾ ಎಸಿ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಕೊಳವೆಯ ತುಂಡು, ಅರ್ಧ ಇಂಚಿಗಿಂತ ತುಸು ಉದ್ದ, ಸಾಕು. ಕೊಡತಿಯಲ್ಲಿ ಹೊಡೆಯುವ ಉಳಿಯಾದರೆ ತಲೆಯ ಕಡೆಗೂ ಒಂದು ಕಬ್ಬಿಣದ ಬಳೆ ಹಾಕಿ. ಹಿಡಿಯ ಉದ್ದ 12ರಿಂದ 13 ಸೆಂಟಿಮೀಟರ್, ದಪ್ಪ 3ರ ಆಸುಪಾಸು. ನಿಮ್ಮ ಅಂಗೈ ಸಣ್ಣದಾದರೆ ಇನ್ನೂ ಸಪೂರ ಮಾಡಿ. ಅಂಗಡಿಯ ಹಿಡಿಗೂ ಸ್ವಂತ ಹಿಡಿಗೂ ಇರುವ ವ್ಯತ್ಯಾಸವೇ ಅದು.

ಕೂರಿಸುವಾಗ ಉಳಿಯನ್ನು ನೆಲಕ್ಕೆ ಊರಿ ಹೊಡೆಯಬೇಡಿ. ಬಾಲವನ್ನು ಕೈಯಲ್ಲಿ ಹೋಗುವಷ್ಟು ಒತ್ತಿ, ಬಳೆ ಮತ್ತು ಉಳಿಯ ಭುಜದ (ಬಾಲ ಶುರುವಾಗುವಲ್ಲಿನ ಅಗಲ ಜಾಗ) ನಡುವೆ 6ರಿಂದ 8 ಮಿಲಿಮೀಟರ್ ಸಂದು ಉಳಿದಿದೆಯಾ ನೋಡಿ. ನಡುವೆ ಚಪ್ಪಲಿ ಚರ್ಮದ ಒಂದು ಬಿಲ್ಲೆ ಸೇರಿಸಿದರೆ ಪೆಟ್ಟು ಮೆದುವಾಗುತ್ತದೆ. ಉಳಿ ಕೆಳಗೆ ನೇತಾಡುವ ಹಾಗೆ ಹಿಡಿಯನ್ನು ಗಾಳಿಯಲ್ಲಿ ಹಿಡಿದು, ಕಾಲನ್ನು ದೂರ ಇಟ್ಟು, ಹಿಡಿಯ ತಲೆಗೆ ಕೊಡತಿಯಲ್ಲಿ ಹೊಡೆಯಿರಿ. ಉಳಿ ತನ್ನ ಭಾರಕ್ಕೆ ಇದ್ದಲ್ಲೇ ನಿಲ್ಲುತ್ತದೆ, ಹಿಡಿ ಅದರ ಮೇಲೆ ಇಳಿಯುತ್ತದೆ. ಅರಾಲ್ಡೈಟ್ ಗಿರಾಲ್ಡೈಟ್ ಏನೂ ಬೇಡ. ಮುಂದೆ ಹಿಡಿ ಬದಲಿಸುವವರು ಬೈಯಬಾರದು ನೋಡಿ.

ಪ್ರಶ್ನೆ: ಹಿಡಿಗೆ ಗೇರೆಣ್ಣೆ ಹಚ್ಚಬಹುದಾ? ಸಮುದ್ರದ ಗಾಳಿಗೆ ಉಳಿಗಳು ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯುತ್ತವೆ, ಏನು ಮಾಡಲಿ? (ಕುಂಬಳೆಯ ಓದುಗರು)

ಗೇರುಬೀಜದ ಸಿಪ್ಪೆಯ ಎಣ್ಣೆ ದೋಣಿಗೆ, ಪಕ್ಕಾಸಿಗೆ ಒಳ್ಳೆಯದು. ಕೈ ತಾಗುವ ಹಿಡಿಗೆ ಖಂಡಿತ ಬೇಡ, ಚರ್ಮ ಸುಡುತ್ತದೆ. ಪೈಂಟಿನ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ. ಮರುದಿನ ಇನ್ನೊಮ್ಮೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿಡಿ. ವಾರ್ನಿಶ್ ನನಗೆ ಇಷ್ಟವಿಲ್ಲ, ಬೆವರಿದ ಕೈಗೆ ಜಾರುತ್ತದೆ.

ಉಳಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ಹಳಸಿದ್ದು ಬೇಡ. ಚರ್ಮದ ಚೀಲ, ಗೋಣಿತಾಟು ತೇವ ಹಿಡಿದಿಡುತ್ತವೆ. ಅದರಲ್ಲಿ ಸುತ್ತಿಡುವುದಕ್ಕಿಂತ ಗೋಡೆಯ ಹಲಗೆಯಲ್ಲಿ ಸಿಕ್ಕಿಸಿಡುವುದೇ ವಾಸಿ. ಕೆಲಸ ಮುಗಿದ ಮೇಲೆ ಬೆವರಿನ ಕೈ ತಾಗಿದ ಜಾಗವನ್ನು ಒರೆಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಪ್ರಶ್ನೆ: ಸಂತೆಯಲ್ಲಿ ಹಳೆ ಉಳಿ ಕೊಂಡೆ. ಎಷ್ಟು ಮಸೆದರೂ ನಾಲ್ಕು ಪೆಟ್ಟಿಗೆ ಬಾಯಿ ಮಡಚುತ್ತದೆ. ನಮ್ಮೂರಿನ ಕುಲುಮೆಯಲ್ಲಿ ಮತ್ತೆ ಹದ ಹಾಕಿಸಬಹುದಾ? (ತಾಳವಾಡಿಯ ಓದುಗರು)

ಬಾಯಿ ಮಡಚಿದರೆ ಉಕ್ಕು ಮೆದು. ಚಕ್ಕೆ ಏಳುತ್ತಿದ್ದರೆ ಗಡಸು ಜಾಸ್ತಿ ಅಥವಾ ಇಳಿಜಾರು ತುಂಬ ತೆಳು. ನಿಮ್ಮದನ್ನು ಯಾರೋ ಗ್ರೈಂಡರಿನಲ್ಲಿ ಸುಟ್ಟಿರಬೇಕು. ಕೂಡಲೇ ಕುಲುಮೆಗೆ ಹೋಗಬೇಡಿ. ಹೊಸ ಅರದ ಮೂಲೆಯನ್ನು ಬೆನ್ನಿನ ಮೇಲೆ ಬಾಯಿಯ ಹತ್ತಿರ ಒಮ್ಮೆ, ಅರ್ಧ ಇಂಚು ಹಿಂದೆ ಒಮ್ಮೆ ಎಳೆದು ನೋಡಿ. ಬಾಯಿಯ ಹತ್ತಿರ ಕಚ್ಚಿ, ಹಿಂದೆ ಜಾರಿದರೆ ಸುಟ್ಟದ್ದು ತುದಿ ಮಾತ್ರ. ಅಷ್ಟನ್ನು ಕಲ್ಲಿನಲ್ಲಿ ನೀರು ಹಾಕುತ್ತಾ ಸವೆಸಿ ತೆಗೆದರೆ ಒಳ್ಳೆ ಉಕ್ಕು ಸಿಗುತ್ತದೆ.

ಎರಡೂ ಕಡೆ ಕಚ್ಚಿದರೆ ಮಾತ್ರ ಹದ ಹಾಕಿಸಿ. ಹಿಡಿ ಕಳಚಿ. ಬಾಯಿಯ ಕಡೆಯ ಒಂದೂವರೆ ಇಂಚು ಕೆಂಪಗೆ ಕಾಯಬೇಕು. ಅಯಸ್ಕಾಂತ ಹಿಡಿದರೆ ಅಂಟಬಾರದು. ಅಂಟುವುದು ನಿಂತ ಮೇಲೆ ಇನ್ನು ತುಸು ಬಿಸಿ, ಅದಕ್ಕಿಂತ ಹೆಚ್ಚಲ್ಲ. ತೆಗೆದ ಕೂಡಲೇ ಉಗುರುಬೆಚ್ಚಗಿನ ಕಡಲೆಕಾಯಿ ಎಣ್ಣೆಗೆ ನೇರ ಕೆಳಗೆ ಇಳಿಸಿ. ಓರೆ ಇಳಿಸಿದರೆ ಬಾಗುತ್ತದೆ. ನೀರಲ್ಲೂ ಹದ ಬರುತ್ತದೆ, ಸೀಳುವ ಭಯ ಜಾಸ್ತಿ. ಈಗ ಅರ ಜಾರಬೇಕು. ಇಷ್ಟಕ್ಕೇ ಬಿಟ್ಟರೆ ಗಾಜಿನಷ್ಟು ಬಿರುಸು. ಉಜ್ಜಿ ಹೊಳೆಸಿ, ಮನೆಯ ಕೇಕ್ ಓವನಿನಲ್ಲಿ 200ರಿಂದ 220 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತಣಿಯಲು ಬಿಡಿ. ಒಣಹುಲ್ಲಿನ ಬಣ್ಣ ಬಂದಿರುತ್ತದೆ. ಎಣ್ಣೆಗೆ ಅದ್ದುವಾಗ ಬೆಂಕಿ ಏಳಬಹುದು, ಮುಚ್ಚಲು ತಗಡು ಪಕ್ಕದಲ್ಲಿರಲಿ.

ಪ್ರಶ್ನೆ: ನಮ್ಮಲ್ಲಿ ಜಾಲಿ ಮರದ ಹಿಡಿ ಹಾಕ್ತೀವಿ. ಬ್ಯಾಸಗಿಗೆ ಸಡಿಲಾಗ್ತಾವ. ನೀರಾಗ ನೆನಿಸಿದ್ರ ಬಿಗಿ ಆಗ್ತಾವ, ಮತ್ತ ವಾರಕ್ಕ ಅದೇ ಹಾಡು. (ಅಕ್ಕಲಕೋಟೆಯ ಓದುಗರು)

ಜಾಲಿ ಒಳ್ಳೆಯ ಮರ, ತಪ್ಪು ಮರದ್ದಲ್ಲ. ನೆನೆಸಿದಾಗ ಉಬ್ಬಿದ ಎಳೆಗಳು ಲೋಹದ ಬಳೆಗೆ ಒತ್ತಿ ನಜ್ಜಾಗುತ್ತವೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಪ್ರತಿ ಸಲ ನೆನೆಸಿದಷ್ಟೂ ಹಾಳೇ. ಹಿಡಿ ಕಳಚಿ, ನಿಮ್ಮ ಏಪ್ರಿಲ್ ಬಿಸಿಲಿನ ದಿನಗಳಲ್ಲಿ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಆಮೇಲೆ ತೂತಿನೊಳಗೆ ಅದೇ ಮರದ ತೆಳು ಹೆರೆಯನ್ನು ಫೆವಿಕಾಲ್ ಹಾಕಿ ಅಂಟಿಸಿ, ಒಣಗಿದ ಮೇಲೆ ಬಾಲವನ್ನು ಮತ್ತೆ ಹೊಡೆದು ಕೂರಿಸಿ. ಬಳೆ ಸಡಿಲಾಗಿದ್ದರೆ ಅದನ್ನು ತೆಗೆದು, ಬಳೆ ತಾಗಿ ನಿಲ್ಲುವ ಹಿಡಿಯ ಭುಜವನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕೆತ್ತಿ, ಮರ ತುಸು ದಪ್ಪ ಇರುವಲ್ಲಿಗೆ ಬಿಗಿಯಾಗಿ ಇಳಿಸಿ. ಮುಂದಿನ ಹಿಡಿಗಳನ್ನು ಬೇಸಿಗೆಯ ಕೊನೆಯಲ್ಲೇ ಹಾಕಿ. ಆಗ ಮರ ವರ್ಷದಲ್ಲೇ ಅತಿ ಹೆಚ್ಚು ಒಣಗಿರುತ್ತದೆ, ಮಳೆಗೆ ಬಿಗಿಯಾಗುವುದಷ್ಟೇ ಬಾಕಿ.