ಓದುಗರ ಪ್ರಶ್ನೆ: ರಾತ್ರಿ ರೈಲಿನಲ್ಲಿ ಸ್ಕೀ ಪ್ರವಾಸ

ಪ್ರಶ್ನೆ: ನಾವು ದಂಪತಿ ಮತ್ತು ಇಬ್ಬರು ಮಕ್ಕಳು ಜನವರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಿಂದ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯಕ್ಕೆ ಸ್ಕೀ ಮಾಡಲು ಹೊರಟಿದ್ದೇವೆ. ರಾತ್ರಿ ರೈಲು ಹಿಡಿದರೆ ಒಂದು ದಿನ ಉಳಿಯುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಯಾವ ಬಗೆಯ ಬರ್ತ್ ಕಾಯ್ದಿರಿಸಬೇಕು? ಸ್ಕೀ ಸಾಮಾನನ್ನು ಎಲ್ಲಿಡುವುದು?

ಉತ್ತರ: ಒಂದು ದಿನ ಪೂರ್ತಿ ಉಳಿಯುತ್ತದೆಂದು ನಂಬಿ ಹೊರಡಬೇಡಿ, ಅರ್ಧ ದಿನವಂತೂ ಉಳಿಯುತ್ತದೆ, ಅದೂ ಮೊದಲ ಬೆಳಗನ್ನು ಮುಂಚೆಯೇ ಯೋಚಿಸಿಟ್ಟುಕೊಂಡವರಿಗೆ ಮಾತ್ರ. ನೀವು ಹಿಡಿಯಬೇಕಾದ ರೈಲು ಆಸ್ಟ್ರಿಯಾದ ರೈಲ್ವೆ 2016ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ನೈಟ್‌ಜೆಟ್’. ಸಂಜೆ ಹೊರಟರೆ ಹನ್ನೆರಡು ಹದಿಮೂರು ಗಂಟೆಗಳ ಪ್ರಯಾಣದ ನಂತರ ಟಿರೋಲ್‌ನ ರಾಜಧಾನಿ ಇನ್ಸ್‌ಬ್ರುಕ್ ತಲುಪುತ್ತೀರಿ. ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್‌ನಲ್ಲಿ ಬದಲಾಗುವುದರಿಂದ, ನಿಖರವಾದ ಸಮಯವನ್ನು ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ.

ಬರ್ತ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನೀವು ನಾಲ್ವರಿರುವುದರಿಂದ ನಾಲ್ಕು ಬರ್ತ್‌ಗಳ ಕೂಶೆಟ್ (ಹಲವರು ಒಟ್ಟಿಗೆ ಮಲಗುವ ಸರಳ ಬರ್ತ್‌ಗಳ) ಕಂಪಾರ್ಟ್‌ಮೆಂಟನ್ನು ಇಡಿಯಾಗಿ ತೆಗೆದುಕೊಳ್ಳಿ. ಈ ಮಾರ್ಗಕ್ಕೆ 2023ರ ಡಿಸೆಂಬರ್‌ನಲ್ಲಿ ಹೊಸ ಮಾದರಿಯ ಬೋಗಿಗಳು ಬಂದವು. ಅವುಗಳ ಕೂಶೆಟ್ ಬೋಗಿಗಳಲ್ಲಿ ನಾಲ್ವರ ಕಂಪಾರ್ಟ್‌ಮೆಂಟ್‌ಗಳ ಜೊತೆಗೆ ಒಬ್ಬೊಬ್ಬರೇ ಮಲಗುವ ಗೂಡಿನಂಥ ಪುಟ್ಟ ಕ್ಯಾಬಿನ್‌ಗಳೂ ಇವೆ. ಮಕ್ಕಳ ಕಣ್ಣು ಮೊದಲು ಬೀಳುವುದು ಆ ಗೂಡುಗಳ ಮೇಲೆಯೇ. ಆದರೆ ಅಲ್ಲಿ ಎದ್ದು ನಿಲ್ಲಲಾಗುವುದಿಲ್ಲ, ಸಾಮಾನಿಗೆ ಸಿಗುವುದು ಒಂದು ಸಣ್ಣ ಲಾಕರ್ ಮಾತ್ರ. ನಡುರಾತ್ರಿ ಮಗು ಎದ್ದು ನೀರು ಕೇಳಿದರೆ ನೀವು ನಿಮ್ಮ ಗೂಡಿನಿಂದ ಇಳಿದು ಬರಬೇಕಾಗುತ್ತದೆ. ಒಬ್ಬರು ಅಥವಾ ಇಬ್ಬರು ಮಲಗುವ ಸ್ಲೀಪರ್ ಕಂಪಾರ್ಟ್‌ಮೆಂಟ್‌ಗಳಲ್ಲಿ ಸ್ವಂತ ಶೌಚಾಲಯ ಮತ್ತು ಶವರ್ ಇರುತ್ತವೆ, ದರವೂ ಅದಕ್ಕೆ ತಕ್ಕಂತಿರುತ್ತದೆ. ಆ ಹಣವನ್ನು ಖರ್ಚು ಮಾಡುವುದೇ ಆದರೆ ಹೋಗುವಾಗ ಮಾಡದೆ ಹಿಂದಿರುಗುವಾಗ ಮಾಡಿ. ಕೊನೆಯ ದಿನ ಸ್ಕೀ ಮಾಡುವವರನ್ನು ಬೆಟ್ಟಕ್ಕೆ ಒಯ್ಯುವ ಲಿಫ್ಟ್‌ಗಳು ನಿಲ್ಲುವವರೆಗೂ ಬೆಟ್ಟದ ಮೇಲಿದ್ದು, ಕೊಠಡಿಯನ್ನು ಬೆಳಗ್ಗೆಯೇ ತೆರವು ಮಾಡಿ, ಬೆವರಿದ ಮೈಯಲ್ಲಿ ರೈಲು ಹತ್ತುವವರಿಗೆ ಶವರ್‌ನ ಬೆಲೆ ಏನೆಂಬುದು ಗೊತ್ತಾಗುತ್ತದೆ.

ಇನ್ನು ಸಾಮಾನು. ಸ್ಕೀಗಳನ್ನು ಮನೆಯಿಂದ ಹೊರುವುದು ನನಗೆ ಸರಿಕಾಣುವುದಿಲ್ಲ. ಟಿರೋಲ್‌ನ ಯಾವುದೇ ಸ್ಕೀ ಊರಿನಲ್ಲಿ ಅವು ಬಾಡಿಗೆಗೆ ಸಿಗುತ್ತವೆ, ಬೆಳೆಯುವ ಮಕ್ಕಳಿಗಂತೂ ಅದೇ ಲೇಸು. ಬೂಟುಗಳ ಮಾತು ಬೇರೆ. ಕಾಲಿಗೆ ಒಗ್ಗಿದ ಬೂಟಿದ್ದರೆ ಅದನ್ನು ಬಿಟ್ಟುಹೋಗಬೇಡಿ, ಮತ್ತು ರಾತ್ರಿ ಅದನ್ನು ನಿಮ್ಮ ಬರ್ತ್‌ನ ಕೆಳಗೇ ಇಟ್ಟುಕೊಳ್ಳಿ. ಜಾಗ ಸಾಲದೆಂದು ನಾನೊಮ್ಮೆ ಬೂಟಿನ ಚೀಲವನ್ನು ಬೋಗಿಯ ಬಾಗಿಲ ಬಳಿ ಇಟ್ಟಿದ್ದೆ. ಬೆಳಗ್ಗೆ ಅದರ ಪ್ಲಾಸ್ಟಿಕ್ ಚಿಪ್ಪು ಚಳಿಗೆ ಎಷ್ಟು ಬಿರುಸಾಗಿತ್ತೆಂದರೆ, ಲಿಫ್ಟ್‌ನ ಬುಡದಲ್ಲಿ ಬೆಂಚಿನ ಮೇಲೆ ಕುಳಿತು, ಎರಡೂ ಕೈಗಳಿಂದ ಬೂಟಿನ ನಾಲಗೆಯನ್ನು ಹೊರಕ್ಕೆಳೆದು ಹಿಡಿದು, ಹಿಮ್ಮಡಿ ಒಳಗಿಳಿಯುವ ಹೊತ್ತಿಗೆ ಅಕ್ಕಪಕ್ಕದವರು ಒಂದು ಸುತ್ತು ಜಾರಿ ಬಂದಿದ್ದರು.

ರೈಲು ಹತ್ತುವಾಗ ಒಂದು ಎಚ್ಚರಿಕೆ ಬೇಕು. ಈ ರೈಲು ನಡುರಾತ್ರಿಯಲ್ಲಿ ನ್ಯೂರೆಂಬರ್ಗ್‌ನಲ್ಲಿ ಎರಡಾಗುತ್ತದೆ: ಒಂದು ಭಾಗ ವಿಯೆನ್ನಾಕ್ಕೆ, ಇನ್ನೊಂದು ಇನ್ಸ್‌ಬ್ರುಕ್‌ಗೆ. ಕಾಯ್ದಿರಿಸಿದ ಬೋಗಿಯಲ್ಲೇ ಮಲಗುವವರಿಗೆ ಇದರಿಂದ ತೊಂದರೆಯಿಲ್ಲ, ಒಂದಿಷ್ಟು ಅಲುಗಾಟ ತಿಳಿಯಬಹುದು ಅಷ್ಟೇ. ತಡವಾಗಿ ಓಡಿಬಂದು ಸಿಕ್ಕ ಬಾಗಿಲಿಗೆ ಹತ್ತಿದವರು ಮಾತ್ರ ನಿದ್ದೆಗೆ ಮುಂಚೆ ತಮ್ಮ ಬೋಗಿಯ ಸಂಖ್ಯೆಯನ್ನು ಹುಡುಕಿ ಸೇರಿಕೊಳ್ಳಲೇಬೇಕು.

ಎಲ್ಲಿ ಇಳಿಯಬೇಕೆಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕಾಗಿದೆ. ಹೆಚ್ಚಿನವರು ಕೊನೆಯ ನಿಲ್ದಾಣವಾದ ಇನ್ಸ್‌ಬ್ರುಕ್‌ವರೆಗೂ ಹೋಗಿ, ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತಾರೆ. ಸ್ಕೀ ಊರಾದ ಕಿಟ್ಸ್‌ಬ್ಯೂಲ್‌ಗೆ ಹೋಗುವವರು ಅದಕ್ಕೂ ಮುಂಚೆ ಸಿಗುವ ವೋರ್ಗಲ್‌ನಲ್ಲೇ ರೈಲು ಬದಲಿಸಬೇಕು. ಸಿಲ್ಲರ್‌ಟಾಲ್ ಕಣಿವೆಗೆ ಹೋಗುವವರು ಯೆನ್‌ಬಾಕ್‌ನಲ್ಲಿ ಇಳಿದರೆ, 760 ಮಿಲಿಮೀಟರ್ ಅಗಲದ ಹಳಿಯ ಪುಟ್ಟ ರೈಲು ಅವರನ್ನು ಮೈಯರ್‌ಹೋಫೆನ್‌ವರೆಗೆ ಒಯ್ಯುತ್ತದೆ. ಸಾಂಕ್ಟ್ ಆಂಟನ್‌ಗೆ ಹೋಗುವವರು ಮಾತ್ರ ಇನ್ಸ್‌ಬ್ರುಕ್‌ಗೆ ಬಂದು ಪಶ್ಚಿಮಕ್ಕೆ ಹೋಗುವ ರೈಲು ಹಿಡಿಯಬೇಕು. 1304 ಮೀಟರ್ ಎತ್ತರದ ಆ ಊರಿನಲ್ಲಿ ನಿಲ್ದಾಣದಿಂದ ಲಿಫ್ಟ್‌ಗೆ ನಡೆದೇ ಹೋಗಬಹುದು. ಇನ್ಸ್‌ಬ್ರುಕ್‌ನ ನೆತ್ತಿಯ ಮೇಲಿರುವ ನಾರ್ಡ್‌ಕೆಟ್ಟೆ ಬೆಟ್ಟ ನೋಡಲು ಮೋಹಕವಾಗಿದ್ದರೂ ಅದರ ಇಳಿಜಾರುಗಳು ಬಲು ಕಡಿದು, ಮಕ್ಕಳಿಗೆ ಬೇಡ.

ಹೋಟೆಲಿನವರು ಕೊಠಡಿ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆ ಚೀಲಗಳನ್ನು ಅಲ್ಲಿನ ಸ್ಕೀ ಕೋಣೆಯಲ್ಲಿಟ್ಟು, ಬಾಡಿಗೆ ಸಾಮಾನು ಪಡೆದು, ಅರ್ಧ ದಿನದ ಲಿಫ್ಟ್ ಪಾಸ್ ಸಿಗುವ ಕಡೆ ಅದನ್ನೇ ಕೊಳ್ಳಿ. ರಾತ್ರಿಯಿಡೀ ಅರೆನಿದ್ದೆಯಲ್ಲಿದ್ದ ಕಾಲುಗಳಿಗೆ ಅಷ್ಟೇ ಸಾಕು.

ಪ್ರಶ್ನೆ: ನಾನು ಒಬ್ಬಂಟಿ ಮಹಿಳೆ. ಅಪರಿಚಿತರೊಡನೆ ಒಂದೇ ಕಂಪಾರ್ಟ್‌ಮೆಂಟಿನಲ್ಲಿ ಮಲಗಲು ಹಿಂಜರಿಕೆಯಾಗುತ್ತಿದೆ. ಏನು ಮಾಡಲಿ?

ಉತ್ತರ: ಕೂಶೆಟ್‌ಗಳಲ್ಲಿ ಮಹಿಳೆಯರಿಗೇ ಮೀಸಲಾದ ಕಂಪಾರ್ಟ್‌ಮೆಂಟನ್ನು ಟಿಕೆಟ್ ಕೊಳ್ಳುವಾಗಲೇ ಕೇಳಬಹುದು, ಬಾಗಿಲಿಗೆ ಒಳಗಿನಿಂದ ಚಿಲಕವಿರುತ್ತದೆ. ಮೇಲೆ ನಾನು ಮಕ್ಕಳಿಗೆ ಬೇಡವೆಂದ ಆ ಒಂಟಿ ಗೂಡು ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಪ್ರಶ್ನೆ: ಆಸ್ಟ್ರಿಯಾ ಬಿಟ್ಟು ಬೇರೆಲ್ಲಿ ಈ ರೀತಿ ಹೋಗಬಹುದು?

ಉತ್ತರ: ಪ್ಯಾರಿಸ್‌ನ ಆಸ್ಟರ್ಲಿಟ್ಜ್ ನಿಲ್ದಾಣದಿಂದ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಬ್ರಿಯಾನ್ಸೋನ್‌ಗೆ ರಾತ್ರಿ ರೈಲಿದೆ, ಸೆರ್ ಷೆವಲಿಯೇ ಇಳಿಜಾರುಗಳು ಆ ಊರಿನಿಂದಲೇ ಆರಂಭವಾಗುತ್ತವೆ. ಅದರಲ್ಲಿ ಕೂಶೆಟ್‌ಗಳೂ ಒರಗು ಕುರ್ಚಿಗಳೂ ಉಂಟು, ಶವರ್ ಇರುವ ಸ್ಲೀಪರ್ ಇಲ್ಲ. ಸ್ವೀಡನ್ನಿನ ಓರೆ ಊರಿಗೂ ಸ್ಟಾಕ್‌ಹೋಮ್ ಕಡೆಯಿಂದ ಚಳಿಗಾಲದಲ್ಲಿ ರಾತ್ರಿ ರೈಲುಗಳಿವೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಫಿನ್‌ಲ್ಯಾಂಡಿನ ಹೆಲ್ಸಿಂಕಿ–ಕೊಲಾರಿ ರೈಲು. ಅದರ ಎರಡು ಮಹಡಿಯ ಸ್ಲೀಪರ್ ಬೋಗಿಗಳಲ್ಲಿ ಮೇಲಿನ ಕ್ಯಾಬಿನ್‌ಗಳಿಗೆ ಶವರ್ ಇದೆ, ಕಾರನ್ನೂ ಅದೇ ರೈಲಿಗೆ ಹೇರಿ ಒಯ್ಯಬಹುದು. ಕಾರಿಲ್ಲದವರನ್ನು ಯುಲ್ಲಾಸ್ ಮತ್ತು ಲೆವಿ ಬೆಟ್ಟಗಳಿಗೆ ಕರೆದೊಯ್ಯಲು ಕೊಲಾರಿಯಲ್ಲಿ ಬಸ್ಸುಗಳು ರೈಲಿಗಾಗಿ ಕಾದಿರುತ್ತವೆ. ಇಳಿದವರು ಬಸ್ಸಿನ ಮುಂದಿನ ಫಲಕವನ್ನು ಓದಿಕೊಂಡೇ ಹತ್ತಬೇಕು, ಏಕೆಂದರೆ ಎರಡು ಬೆಟ್ಟಗಳ ದಾರಿ ಬೇರೆಬೇರೆ.